ಹಾಲಿಗೆ ಅಳತೆ ಇದೆ, ಹಾಲು ತಂದವರಿಗೆ?

ಬೆಳಿಗ್ಗೆ ಆರೂವರೆಗೆ ನಮ್ಮೂರ ಡೇರಿ ಮುಂದೆ ಸಾಲು ನಿಂತಿರುತ್ತದೆ. ಸೆಕ್ರೆಟರಿ ಪ್ರತಿಯೊಬ್ಬರ ಕ್ಯಾನಿನಿಂದ ಒಂದಿಷ್ಟು ಹಾಲು ತೆಗೆದು ಮೆಷಿನ್ನಿಗೆ ಇಡುತ್ತಾರೆ. ಫ್ಯಾಟು ಎಷ್ಟು, ಡಿಗ್ರಿ ಎಷ್ಟು, ಲೀಟರು ಎಷ್ಟು ಅಂತ ಚೀಟಿ ಬರುತ್ತೆ. ಒಂದು ಪಾಯಿಂಟು ಕಮ್ಮಿ ಬಂದರೆ ಸಾಕು, ನಾವು ಬಿಡೋದಿಲ್ಲ. "ನಿನ್ನೆ ನಾಲ್ಕು ಇತ್ತು, ಇವತ್ತು ಯಾಕೆ ಕಮ್ಮಿ?" ಅಂತ ಜಗಳಕ್ಕೇ ನಿಲ್ಲುತ್ತೇವೆ. ಹಸು ಒಂದು ಹೊತ್ತು ಮೇವು ಬಿಟ್ಟರೆ ಅದೇ ದಿನ ಪಶು ಡಾಕ್ಟರಿಗೆ ಫೋನು.

ಆದರೆ ಆ ಹಾಲನ್ನು ಹೊತ್ತು ತಂದವರ ಮೈಯಲ್ಲಿ ರಕ್ತ ಎಷ್ಟು ಒತ್ತಡದಲ್ಲಿ ಓಡುತ್ತಿದೆ? ಸಾಲಿನಲ್ಲಿ ನಿಂತ ಐವತ್ತು ಅರವತ್ತು ಜನರನ್ನು ನಾನು ಒಂದು ದಿನ ಸುಮ್ಮನೆ ಕೇಳುತ್ತಾ ಬಂದೆ. ತಮ್ಮ ಬಿಪಿ ಎಷ್ಟು ಅಂತ ಹೇಳಿದವರು ನಾಲ್ಕೇ ಜನ. ಆ ನಾಲ್ವರಲ್ಲಿ ಇಬ್ಬರು ಹೇಳಿದ್ದು ಎರಡು ವರ್ಷದ ಹಿಂದಿನ ಲೆಕ್ಕ.

ನಾನು ಡಾಕ್ಟರಲ್ಲ. ಓದಿದ್ದು ಏಳನೇ ಕ್ಲಾಸು. ಯಲಹಂಕ ತಾಲೂಕಿನಲ್ಲಿ ರಾಜಾನುಕುಂಟೆ ದಾಟಿ ಒಳಗೆ ಎರಡೂವರೆ ಎಕರೆ ಖುಷ್ಕಿ ಜಮೀನು, ಎರಡು ಹಸು. ರಾಗಿ ಬಿತ್ತುತ್ತೇನೆ, ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ವಯಸ್ಸು ಐವತ್ತೇಳು. ಬಿಪಿ ವಿಷಯ ಬರೆಯೋಕೆ ನನಗೆ ಇರುವ ಯೋಗ್ಯತೆ ಎರಡೇ. ನಮ್ಮಣ್ಣನನ್ನು ಇದರಿಂದ ಕಳಕೊಂಡೆ. ನನಗೂ ಇದೆ.

ಅಣ್ಣನ ಕಥೆ

ನಮ್ಮಣ್ಣ ಗಟ್ಟಿ ಆಳು. ರಾಗಿ ಮೂಟೆಯನ್ನು ಒಬ್ಬನೇ ಹೆಗಲಿಗೆ ಹಾಕಿಕೊಳ್ಳುತ್ತಿದ್ದ. 2016ರಲ್ಲಿ ಊರ ಶಾಲೆಯಲ್ಲಿ ಒಂದು ಆರೋಗ್ಯ ಶಿಬಿರ ಆಯಿತು. ಕಣ್ಣು ತೋರಿಸೋಕೆ ಅಂತ ಹೋದವನಿಗೆ ಬಿಪಿ ನೋಡಿದರು. ಮೇಲಿನದು 170, ಕೆಳಗಿನದು 100. ಇನ್ನೆರಡು ದಿನ ಬಿಟ್ಟು ಮತ್ತೆ ನೋಡಿದರೂ ಅಷ್ಟೇ. ಮಾತ್ರೆ ಬರೆದುಕೊಟ್ಟರು.

ಮೂರು ತಿಂಗಳು ತಗೊಂಡ. ಆಮೇಲೆ ಬಿಟ್ಟ. ಯಾಕಣ್ಣ ಅಂದರೆ, "ಲೋ, ನನಗೇನಾಗಿದೆಯೋ? ತಲೆನೋವಿಲ್ಲ, ಸುಸ್ತಿಲ್ಲ. ಮೊನ್ನೆ ತೋರಿಸಿದಾಗ ಬಿಪಿ ಸರಿಯಾಗಿದೆ ಅಂದರು. ವಾಸಿ ಆಯ್ತಲ್ಲ, ಇನ್ಯಾಕೆ ನುಂಗಬೇಕು?" ಅಂದ. ಆ ಮಾತು ನನಗೂ ಸರಿ ಅನ್ನಿಸಿತ್ತು. ಜ್ವರ ಬಿಟ್ಟ ಮೇಲೆ ಯಾರಾದರೂ ಜ್ವರದ ಮಾತ್ರೆ ತಗೊಳ್ತಾರಾ?

2019ರ ಜನವರಿ, ಕಣದ ಕೆಲಸ. ರಾಗಿ ತೂರುತ್ತಿದ್ದವನ ಕೈಯಿಂದ ಮೊರ ಜಾರಿ ಬಿತ್ತು. ಎತ್ತಿಕೊಳ್ಳೋಕೆ ಬಗ್ಗಿದ, ಬಲಗೈ ಬರಲಿಲ್ಲ. ಏನೋ ಹೇಳೋಕೆ ಹೋದ, ಮಾತು ತೊದಲಿತು, ಬಾಯಿ ಒಂದು ಕಡೆ ಎಳೆಯಿತು. ಲಕ್ವ ಅಂತ ಎಲ್ಲರಿಗೂ ಗೊತ್ತಾಯಿತು. ಗೊತ್ತಾದ ಮೇಲೆ ನಾವು ಮಾಡಿದ್ದೇನು ಗೊತ್ತಾ? ಪಾರಿವಾಳ ತಂದು ಕುಯ್ದು ಅದರ ರಕ್ತ ಹಚ್ಚಿ, ಕಂಬಳಿ ಹೊದಿಸಿ ಮಲಗಿಸಿದ್ದು. ಆಸ್ಪತ್ರೆಗೆ ಹೋಗಿದ್ದು ಮಾರನೇ ದಿನ ಹತ್ತು ಗಂಟೆಗೆ.

ಅಲ್ಲಿನ ಡಾಕ್ಟರು ಬೈಯಲಿಲ್ಲ. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದೆ, ನಾಲ್ಕೂವರೆ ಗಂಟೆಯೊಳಗೆ ಬಂದಿದ್ದರೆ ಕರಗಿಸುವ ಇಂಜೆಕ್ಷನ್ ಕೊಡಬಹುದಿತ್ತು ಅಂದರು, ಅಷ್ಟೇ. 108ಕ್ಕೆ ಫೋನು ಮಾಡಿದ್ದರೆ ಆಂಬುಲೆನ್ಸು ಬರುತ್ತಿತ್ತು. 2008ರಿಂದ ನಮ್ಮ ರಾಜ್ಯದಲ್ಲಿ ಆ ಗಾಡಿ ಓಡಾಡುತ್ತಿದೆ. ನಮಗೆ ಮೊದಲು ನೆನಪಾಗಿದ್ದು ಪಾರಿವಾಳ.

ಅಣ್ಣ ಎರಡು ವರ್ಷ ಮಂಚದ ಮೇಲಿದ್ದ. ಅತ್ತಿಗೆ ಅವನಿಗೆ ತಿನ್ನಿಸಿದರು, ತೊಳೆದರು, ಹೊರಳಿಸಿದರು. ಆಸ್ಪತ್ರೆ ಖರ್ಚಿಗೆ ಕೈಯಲ್ಲಿ ಕಾಸಿರಲಿಲ್ಲ. ನಮ್ಮ ಕಡೆ ವಿಮಾನ ನಿಲ್ದಾಣ ಬಂದ ಮೇಲೆ ದುಡ್ಡಿನ ಕಷ್ಟ ಇರುವ ಮನೆ ದಲ್ಲಾಳಿಗಳಿಗೆ ಮೊದಲೇ ಗೊತ್ತಾಗುತ್ತದೆ. ಅಡ್ವಾನ್ಸು ತಂದು ಮಂಚದ ಪಕ್ಕದಲ್ಲೇ ಎಣಿಸಿದರು. ರಸ್ತೆ ಬದಿಯ ಹತ್ತು ಗುಂಟೆ ಅವರು ಹೇಳಿದ ಬೆಲೆಗೆ ಹೋಯಿತು. 2021ರಲ್ಲಿ ಅಣ್ಣನೂ ಹೋದ. ಈಗ ಅಲ್ಲಿ ಕಾಂಪೌಂಡು, ಗೇಟು ಇದೆ. ದಿನಾ ಹಾಲು ತಗೊಂಡು ಅದರ ಮುಂದೆಯೇ ನಡೆಯುತ್ತೇನೆ. ದಿನಕ್ಕೆ ಒಂದೆರಡು ರೂಪಾಯಿಯ ಮಾತ್ರೆ ಬಿಟ್ಟಿದ್ದಕ್ಕೆ ನಾವು ತೆತ್ತ ಬೆಲೆ ಅದು.

ನೋಯದ ಕಾಯಿಲೆ

ಈ ಕಾಯಿಲೆಯ ದೊಡ್ಡ ತೊಂದರೆ ಏನೆಂದರೆ ಅದು ನೋಯುವುದಿಲ್ಲ. ಖುಷ್ಕಿ ರೈತರಿಗೆ ಇದು ಬೇಗ ಅರ್ಥವಾಗುತ್ತೆ. ಇಳಿಜಾರಿನ ಹೊಲದಲ್ಲಿ ಬದು ಇಲ್ಲದಿದ್ದರೆ ಪ್ರತಿ ಮಳೆಗೂ ಒಂದು ಪದರ ಮೇಲ್ಮಣ್ಣು ಹೋಗುತ್ತಿರುತ್ತದೆ. ಕಣ್ಣಿಗೆ ಕಾಣಲ್ಲ. ಬೆಳೆಯೂ ಹೇಗೋ ಬರುತ್ತಿರುತ್ತೆ. ಹತ್ತು ವರ್ಷದ ಮೇಲೆ ಕೊರಕಲು ಬಿದ್ದಾಗ ಅಯ್ಯೋ ಅಂತೀವಿ. ರಕ್ತದ ಒತ್ತಡವೂ ಹಾಗೆಯೇ. ಹೃದಯ ರಕ್ತವನ್ನು ಒತ್ತಿ ತಳ್ಳುವಾಗಿನ ಒತ್ತಡ ಮೇಲಿನ ನಂಬರು. ಹೃದಯ ಸಡಿಲವಾದಾಗಿನ ಒತ್ತಡ ಕೆಳಗಿನ ನಂಬರು. 120ಕ್ಕೆ 80ರ ಆಸುಪಾಸು ಇದ್ದರೆ ಒಳ್ಳೆಯದು. ಬೇರೆ ಬೇರೆ ದಿನ ನೋಡಿದಾಗಲೂ 140 ಅಥವಾ 90, ಎರಡರಲ್ಲಿ ಯಾವುದಾದರೂ ಒಂದು ಮುಟ್ಟಿದ್ದರೆ ಅಥವಾ ದಾಟಿದ್ದರೆ ಅದು ಬಿಪಿ ಕಾಯಿಲೆ. ಹೆಚ್ಚಿನ ಒತ್ತಡದಲ್ಲಿ ವರ್ಷಗಟ್ಟಲೆ ಓಡಿದರೆ ರಕ್ತನಾಳ ಗಡುಸಾಗುತ್ತೆ. ಮೆದುಳು, ಹೃದಯ, ಕಿಡ್ನಿ, ಕಣ್ಣು ಈ ನಾಲ್ಕು ಕಡೆ ಪೆಟ್ಟು ಬೀಳುತ್ತದೆ.

ಇದು ಪಟ್ಟಣದ ಕುರ್ಚಿ ಕೆಲಸದವರ ಕಾಯಿಲೆ ಅಂತ ನಾವು ತಿಳಿದಿದ್ದೆವು. 2019-21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಹದಿನೈದು ವರ್ಷ ದಾಟಿದ ನೂರು ಹೆಂಗಸರಲ್ಲಿ 21, ನೂರು ಗಂಡಸರಲ್ಲಿ 24 ಜನಕ್ಕೆ ಬಿಪಿ ಹೆಚ್ಚಿದೆ, ಇಲ್ಲವೇ ಅದಕ್ಕೆ ಮಾತ್ರೆ ತಗೊಳ್ಳುತ್ತಿದ್ದಾರೆ. ನಮ್ಮ ಕರ್ನಾಟಕದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ. ಬಿಪಿ ಇರುವವರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ತಮಗೆ ಅದು ಇದೆ ಅಂತಲೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಡೇರಿ ಸಾಲನ್ನು ನೋಡಿದರೆ ನನಗೇನೂ ಆಶ್ಚರ್ಯವಾಗಲಿಲ್ಲ.

ನನ್ನ ಸರದಿ

ಅಣ್ಣ ಮಲಗಿದ ಮೇಲೆ ಹೆದರಿ ನಾನೂ ತೋರಿಸಿಕೊಂಡೆ. ಬಸ್ಸಿಳಿದು ಓಡುತ್ತಾ ಹೋಗಿದ್ದೆ. ಮೊದಲ ಸಲ 172 ಬಂತು. ನರ್ಸಮ್ಮ, "ಹತ್ತು ನಿಮಿಷ ಕೂತ್ಕೊಳಪ್ಪ, ಆಮೇಲೆ ನೋಡೋಣ" ಅಂದರು. ಕೂತ ಮೇಲೆ 156. ವಾರ ಬಿಟ್ಟು ನೋಡಿದರೂ 154ಕ್ಕೆ 96. ಮಾತ್ರೆ ಶುರುವಾಯಿತು.

ಮೊದಲು ಕೊಟ್ಟಿದ್ದು ಅಮ್ಲೋಡಿಪಿನ್ ಅನ್ನೋ ಮಾತ್ರೆ. ಸ್ವಲ್ಪ ದಿನಕ್ಕೆ ಸಂಜೆ ಹೊತ್ತು ಕಾಲಿನ ಹರಡು ಊದಿಕೊಳ್ಳೋಕೆ ಶುರುವಾಯಿತು. ಊರಿನವರು, "ನೋಡು, ಮಾತ್ರೆ ಕಿಡ್ನಿಗೆ ಹೊಡೀತು" ಅಂದರು. ನಿಲ್ಲಿಸಿಬಿಟ್ಟೆ. ಅಣ್ಣ ಕಣ್ಣೆದುರಿಗೆ ಮಂಚದ ಮೇಲೆ ಇದ್ದರೂ ನಾನು ನಾಲ್ಕು ತಿಂಗಳು ಮಾತ್ರೆ ಬಿಟ್ಟಿದ್ದೆ. ಇದನ್ನು ಬರೆಯೋಕೆ ನಾಚಿಕೆ ಆಗುತ್ತೆ, ಆದರೂ ಬರೆದಿದ್ದೇನೆ. ಯಾಕೆಂದರೆ ಇದನ್ನು ಓದುತ್ತಿರುವವರಲ್ಲಿ ಎಷ್ಟೋ ಜನ ಹೀಗೇ ಬಿಟ್ಟಿರುತ್ತೀರಿ.

ಕೊನೆಗೆ ಅತ್ತಿಗೆಯೇ ಹೇಳಿದರು, "ನೀನೂ ಮಲಗಿಕೊಂಡರೆ ನಿನ್ನ ನೋಡೋಕೆ ನನಗೆ ಶಕ್ತಿ ಇಲ್ಲಪ್ಪ." ಮತ್ತೆ ಡಾಕ್ಟರ ಹತ್ತಿರ ಹೋದೆ. ಹರಡು ಊದೋದು ಆ ಮಾತ್ರೆಯಿಂದ ಕೆಲವರಿಗೆ ಆಗುತ್ತೆ, ಅದು ಕಿಡ್ನಿ ಕೆಟ್ಟ ಗುರುತಲ್ಲ, ಬೇರೆ ಮಾತ್ರೆ ಇದೆ ಅಂದರು. ಬದಲಾಯಿಸಿದರು, ಊತ ಹೋಯಿತು. ಕೆಲವು ಮಾತ್ರೆಗೆ ಒಣ ಕೆಮ್ಮು ಬರುತ್ತೆ, ಕೆಲವಕ್ಕೆ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತೆ. ಅದನ್ನು ಡಾಕ್ಟರಿಗೆ ಹೇಳಿದರೆ ದಾರಿ ಇದೆ. ಒಂದು ತಳಿ ನಮ್ಮ ಹೊಲಕ್ಕೆ ಒಗ್ಗದಿದ್ದರೆ ರಾಗಿ ಬೆಳೆಯೋದನ್ನೇ ಬಿಡ್ತೀವಾ? ಬೇರೆ ತಳಿ ಹಾಕ್ತೀವಿ. ಮಾತ್ರೆಯೂ ಹಾಗೆ. ಕಿಡ್ನಿ ಕೆಡಿಸೋದು ಅಂಕೆಗೆ ಸಿಗದ ಬಿಪಿ ಅಂತ ನನಗೆ ಆಮೇಲೆ ಗೊತ್ತಾಯಿತು.

"ಒಂದು ಸಲ ಶುರು ಮಾಡಿದರೆ ಸಾಯೋವರೆಗೂ ಬಿಡಂಗಿಲ್ಲ" ಅನ್ನೋದು ಎಲ್ಲರ ಭಯ. ನಿಜ, ಹೆಚ್ಚಿನವರು ಬಿಡೋ ಹಾಗಿಲ್ಲ. ತೂಕ, ಉಪ್ಪು, ಕುಡಿತ ಕಮ್ಮಿ ಮಾಡಿಕೊಂಡವರಿಗೆ ಡಾಕ್ಟರು ಮಾತ್ರೆಯನ್ನೂ ಕಮ್ಮಿ ಮಾಡಬಹುದು. ಅದನ್ನು ಅವರೇ ನೋಡಿ ಹೇಳಬೇಕು, ನಾವು ತೀರ್ಮಾನ ಮಾಡೋದಲ್ಲ. ಹಸುವಿಗೆ ಇವತ್ತು ಮೇವು ಹಾಕಿದ್ದೀನಿ ಅಂತ ನಾಳೆ ಬಿಡ್ತೀವಾ? ದಿನದ ಕೆಲಸಗಳಲ್ಲಿ ಇದೂ ಒಂದು. ನಾನು ಮಾತ್ರೆ ಡಬ್ಬಿಯನ್ನು ಹಾಲಿನ ಕ್ಯಾನಿನ ಪಕ್ಕದಲ್ಲೇ ಇಟ್ಟಿದ್ದೇನೆ. ಮಾತ್ರೆ ನುಂಗಿಯೇ ಕ್ಯಾನು ಎತ್ತೋದು.

ಬೇರು ಅಗೆದು ತಂದವರು

ಮಾತ್ರೆ ಬಿಟ್ಟಿದ್ದ ಕಾಲದಲ್ಲಿ ನಮ್ಮ ಬೀಗರೊಬ್ಬರು ಸರ್ಪಗಂಧಿ ಬೇರು ತಂದುಕೊಟ್ಟಿದ್ದರು. "ಇಂಗ್ಲಿಷ್ ಮಾತ್ರೆ ಯಾಕೆ, ಇದನ್ನು ತೇದು ಕುಡಿ" ಅಂದರು. ಅವರ ಮಾತಿನಲ್ಲಿ ಅರ್ಧ ಸತ್ಯ ಇತ್ತು. ಆ ಸತ್ಯ ನಮ್ಮ ಉತ್ತರ ಬೆಂಗಳೂರಿನ ಕಡೆಗೂ ಸೇರಿದ್ದು. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಸರ್ಪಗಂಧಿ ಬೇರನ್ನು ನಮ್ಮ ದೇಶದಲ್ಲಿ ಹಿಂದಿನಿಂದಲೂ ಹಾವಿನ ಕಡಿತಕ್ಕೆ, ನಿದ್ದೆಗೆ, ಬುದ್ಧಿಭ್ರಮಣೆಗೆ ಕೊಡುತ್ತಿದ್ದರು. ಅದು ರಕ್ತದೊತ್ತಡ ಇಳಿಸುತ್ತೆ ಅಂತ 1931ರಲ್ಲಿ ಕಲ್ಕತ್ತಾದ ಸೇನ್ ಮತ್ತು ಬೋಸ್ ಎಂಬ ಇಬ್ಬರು ಬರೆದರು. ಹಿಮಾಲಯ ಡ್ರಗ್ ಕಂಪನಿ 1934ರಲ್ಲಿ ಇದೇ ಬೇರಿನಿಂದ ಸರ್ಪಿನಾ ಎಂಬ ಮಾತ್ರೆ ತಂದಿತು. ಆ ಕಂಪನಿ 1975ರಲ್ಲಿ ಕಾರ್ಖಾನೆ ಹಾಕಿದ್ದು ಯಶವಂತಪುರದಿಂದ ತುಮಕೂರು ರಸ್ತೆಯಲ್ಲಿ ಹೋದರೆ ಸಿಗುವ ಮಾಕಳಿಯಲ್ಲಿ. 1949ರಲ್ಲಿ ಮುಂಬಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲ್ ಐವತ್ತು ರೋಗಿಗಳಿಗೆ ಈ ಬೇರಿನ ಮಾತ್ರೆ ಕೊಟ್ಟು, ಅವರ ಬಿಪಿ ಅಳೆದು, ಬರೆದಿಟ್ಟು, ಆ ಲೆಕ್ಕವನ್ನು ಇಂಗ್ಲೆಂಡಿನ ವೈದ್ಯ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಆಮೇಲೆ ಪ್ರಪಂಚವೆಲ್ಲ ಕಣ್ಣು ಬಿಟ್ಟಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಕಂಪನಿಯೊಂದು ಬೇರಿನ ಸಾರವನ್ನೇ ಬೇರ್ಪಡಿಸಿತು. ಅದರ ಹೆಸರು ರಿಸರ್ಪಿನ್.

ಹಾಗಾದರೆ ಬೀಗರು ಹೇಳಿದ್ದು ಸರಿಯಲ್ಲವೇ? ಇಲ್ಲ. ರಿಸರ್ಪಿನ್‌ನಿಂದ ಮೂಗು ಕಟ್ಟೋದು, ಮಂಪರು, ಕೆಲವರಿಗೆ ಮನಸ್ಸು ಕುಗ್ಗಿಹೋಗೋದು ಕಂಡುಬಂತು. ಅದಕ್ಕಿಂತ ಹಗುರವಾಗಿ ಒಗ್ಗುವ ಮಾತ್ರೆಗಳು ಬಂದ ಮೇಲೆ ಡಾಕ್ಟರುಗಳು ಅದನ್ನು ಹಿಂದಕ್ಕೆ ಸರಿಸಿದರು. ಅಂಗೈ ಮೇಲಿನ ಬೇರಿನ ತುಂಡಿನಲ್ಲಿ ಸಾರ ಎಷ್ಟಿದೆ ಅಂತ ಯಾರಿಗೆ ಗೊತ್ತು? ಮಣ್ಣಿಗೊಂದು, ವಯಸ್ಸಿಗೊಂದು ಇರುತ್ತೆ. ಅಳತೆ ಇಲ್ಲದ ಔಷಧಿಯನ್ನು ಹಸುವಿಗೂ ಕುಡಿಸಲ್ಲ ನಾವು. ಬೇರಿನ ಆಸೆಗೆ ಕಾಡಿನಲ್ಲಿ ಅಗೆದು ಅಗೆದು ಈ ಗಿಡವೇ ಅಪರೂಪವಾಗಿ, ಈಗ ಅದರ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ಕಟ್ಟುಪಾಡು ಇದೆ. ಇಂಥ ಗಿಡಗಳನ್ನು ಉಳಿಸೋ ಕೆಲಸಕ್ಕೆ ಅಂತಲೇ 1993ರಲ್ಲಿ ಶುರುವಾದ ಸಂಸ್ಥೆ ನಮ್ಮ ಯಲಹಂಕದ ಜಾರಕಬಂಡೆ ಕಾವಲಿನಲ್ಲಿದೆ.

ಈ ಕಥೆಯಿಂದ ನಾನು ತಿಳಿದುಕೊಂಡಿದ್ದು ಒಂದು. ಬೇರು ಸಾವಿರ ವರ್ಷದಿಂದ ಇತ್ತು. ಅದಕ್ಕೆ ಬೆಲೆ ಬಂದಿದ್ದು ಒಬ್ಬರು ಅಳೆದು ಬರೆದಿಟ್ಟ ಮೇಲೆ.

ಉಪ್ಪಿನ ಪ್ಯಾಕೆಟ್ಟಿನ ಮೇಲೆ ತಾರೀಕು

ಮಾತ್ರೆಯ ಜೊತೆಗೆ ಡಾಕ್ಟರು ಹೇಳಿದ್ದು ಉಪ್ಪು ಕಮ್ಮಿ ಮಾಡಿ ಅಂತ. ಕಮ್ಮಿ ಅಂದರೆ ಎಷ್ಟು? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಮ್ಮಿ, ಅಂದರೆ ಒಂದು ಟೀ ಚಮಚ. ನಾವು ಹೆಚ್ಚಿನವರು ತಿನ್ನೋದು ಅದರ ಎರಡರಷ್ಟು ಹತ್ತಿರ. ಅಡುಗೆಮನೆಯಲ್ಲಿ ಗ್ರಾಂ ತೂಗಿ ಹಾಕೋಕೆ ಆಗುತ್ತಾ? ಅದಕ್ಕೆ ನಾನೊಂದು ಉಪಾಯ ಮಾಡಿದೆ. ಒಂದು ಕೇಜಿ ಉಪ್ಪಿನ ಪ್ಯಾಕೆಟ್ಟು ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಕು ಬರೆದೆ. ನಮ್ಮ ಮನೆಯಲ್ಲಿ ಐದು ಜನ. ತಲೆಗೆ 5 ಗ್ರಾಂ ಆದರೆ ದಿನಕ್ಕೆ 25 ಗ್ರಾಂ, ಒಂದು ಕೇಜಿ 40 ದಿನ ಬರಬೇಕು. ನಮ್ಮ ಪ್ಯಾಕೆಟ್ಟು 18 ದಿನಕ್ಕೆ ಖಾಲಿ. ತಲೆಗೆ 11 ಗ್ರಾಂ. ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರ ಇದರಲ್ಲಿ ಸೇರಿಲ್ಲ.

ನಮ್ಮನೆಯವಳಿಗೆ ಲೆಕ್ಕ ತೋರಿಸಿದೆ. ಬಾಯಲ್ಲಿ ಹೇಳಿದಾಗ ಕೇಳದವಳು ಪ್ಯಾಕೆಟ್ಟು ನೋಡಿ ಸುಮ್ಮನಾದಳು. ತಟ್ಟೆ ಪಕ್ಕದ ಉಪ್ಪಿನ ಬಟ್ಟಲು ಮೊದಲು ಹೋಯಿತು. ಮುದ್ದೆಗೆ, ಮಜ್ಜಿಗೆಗೆ ಉಪ್ಪು ಹಾಕೋದು ನಿಂತಿತು. ಉಪ್ಸಾರಿನ ಖಾರಕ್ಕೆ ಉಪ್ಪು ಅರ್ಧವಾಯಿತು, ಹುಣಸೆಹಣ್ಣು, ಬೆಳ್ಳುಳ್ಳಿ ಸ್ವಲ್ಪ ಜಾಸ್ತಿ ಆಯಿತು. ಉಪ್ಪಿನಕಾಯಿ ವಾರಕ್ಕೊಂದು ದಿನ. ಮೊದಲ ಹದಿನೈದು ದಿನ ಸಾರು ಸಪ್ಪೆ ಅಂತ ಮಗ ಮುಖ ಊದಿಸಿಕೊಂಡಿದ್ದ. ಆಮೇಲೆ ನಾಲಿಗೆ ಒಗ್ಗಿತು. ಈಗ ಪ್ಯಾಕೆಟ್ಟು 28 ದಿನ ಬರುತ್ತೆ, ತಲೆಗೆ ಸುಮಾರು 7 ಗ್ರಾಂ. ಇನ್ನೂ 40ಕ್ಕೆ ಮುಟ್ಟಿಲ್ಲ.

"ಬಿಸಿಲಲ್ಲಿ ಬೆವರು ಸುರಿಸೋ ರೈತನಿಗೆ ಉಪ್ಪು ಬೇಕಲ್ಲ?" ಅಂತ ಕೇಳ್ತೀರಿ. ನಾನೂ ಕೇಳಿದೆ. ಉಪ್ಪು ಪೂರ್ತಿ ಬಿಡಿ ಅಂತ ಯಾರೂ ಹೇಳುತ್ತಿಲ್ಲ, 11ರಿಂದ 5ಕ್ಕೆ ಇಳಿಸಿ ಅಂತಿದ್ದಾರೆ. ನಮ್ಮಂಥ ಕೆಲಸಕ್ಕೆ ಅದು ಸಾಕು, ನೀರು ಚೆನ್ನಾಗಿ ಕುಡಿಯಿರಿ ಅಂದರು. ಅಂಗಡಿಯಲ್ಲಿ ಸೋಡಿಯಂ ಕಮ್ಮಿ ಇರುವ ಬೇರೆ ಉಪ್ಪೂ ಸಿಗುತ್ತೆ. ಕಿಡ್ನಿ ತೊಂದರೆ ಇರುವವರಿಗೆ ಅದು ಅಪಾಯ, ಡಾಕ್ಟರನ್ನು ಕೇಳದೆ ತರಬೇಡಿ.

ಇನ್ನೊಂದು ಮಾತು ಬಹಳ ಮುಖ್ಯ. ಗುದ್ದಲಿ ಕೆಲಸ ಮಾಡಿ ಬಂದ ರಾತ್ರಿ ಅಂಗಡಿಯಲ್ಲಿ ಮೈಕೈ ನೋವಿನ ಮಾತ್ರೆ ತಗೊಂಡು ನುಂಗೋದು ನಮ್ಮಲ್ಲಿ ಮಾಮೂಲಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ನೋವಿನ ಮಾತ್ರೆಗಳು ಬಿಪಿ ಏರಿಸುತ್ತವೆ, ಪದೇ ಪದೇ ತಗೊಂಡರೆ ಕಿಡ್ನಿಗೂ ಪೆಟ್ಟು. ಬಿಪಿ ಮಾತ್ರೆ ಕಂಡರೆ ಹೆದರುವ ನಾವು, ಇವನ್ನು ಪೆಪ್ಪರಮೆಂಟಿನ ಹಾಗೆ ತಿನ್ನುತ್ತೇವೆ. ಬೀಡಿ, ಹೊಗೆಸೊಪ್ಪು, ಸಾರಾಯಿ ಬಗ್ಗೆ ನಾನು ಹೇಳಬೇಕಾಗಿಲ್ಲ, ಗೊತ್ತಿದ್ದೇ ಸೇದುತ್ತೇವೆ, ಕುಡಿಯುತ್ತೇವೆ. ನನಗೂ ಬೀಡಿ ಬಿಡೋಕೆ ಮೂರು ಸಲ ಬೇಕಾಯಿತು.

ಡೇರಿಗೊಂದು ಮೆಷಿನ್ನು

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ.

ಸರ್ಕಾರ ಏನೂ ಮಾಡಿಲ್ಲ ಅಂತ ನಾನು ಹೇಳೋದಿಲ್ಲ. ಹೃದಯಾಘಾತ ಆದವರಿಗೆ ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಜಯದೇವದಂಥ ದೊಡ್ಡ ಆಸ್ಪತ್ರೆಯ ಸಲಹೆ ಪಡೆದು ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ 2023ರಲ್ಲಿ ಬಂತು. ಸಹಕಾರಿ ಸಂಘದ ರೈತರಿಗೆ ಯಶಸ್ವಿನಿ 2003ರಲ್ಲಿ ಬಂದು, ನಡುವೆ ನಿಂತು, ಮತ್ತೆ ಶುರುವಾಗಿದೆ. ಎರಡೂ ಒಳ್ಳೆಯವೇ. ಆದರೆ ಒಂದು ಪೆಟ್ಟು ಬಿದ್ದ ಮೇಲಿನದು, ಇನ್ನೊಂದು ಕುಯ್ಯೋ ಹೊತ್ತಿನದು. ಪೆಟ್ಟು ಬೀಳೋಕೆ ಮುಂಚೆ ಹತ್ತು ವರ್ಷ ಇರುತ್ತಲ್ಲ, ಆ ಹತ್ತು ವರ್ಷ ನಮ್ಮ ಕೈಯಲ್ಲಿದೆ. ಮನೆ ಬಾಗಿಲಿಗೇ ಬಂದು ಬಿಪಿ, ಶುಗರ್ ನೋಡಿ ಮಾತ್ರೆ ಕೊಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಲ್ಲಿ ಶುರುವಾಗಿ 2025ರಲ್ಲಿ ಬೇರೆ ಜಿಲ್ಲೆಗಳಿಗೂ ಬಂತು. ಆದರೆ ಅವರು ಬಂದಾಗ ನಾವು ಹೊಲದಲ್ಲಿ ಇರ್ತೀವಿ, ಅದರಲ್ಲೂ ಗಂಡಸರು. ಮನೆಯಲ್ಲಿ ಸಿಗದ ರೈತ ಎಲ್ಲಿ ಸಿಗ್ತಾನೆ? ಬೆಳಿಗ್ಗೆ ಆರೂವರೆಗೆ ಡೇರಿಯಲ್ಲಿ ಸಿಗ್ತಾನೆ. ಹೆಂಗಸರೂ ಅಲ್ಲೇ ಸಿಗ್ತಾರೆ.

ಅದಕ್ಕೇ ನನ್ನ ಸಲಹೆ: ಪ್ರತಿ ಹಾಲು ಉತ್ಪಾದಕರ ಸಂಘದಲ್ಲಿ ತೋಳಿಗೆ ಪಟ್ಟಿ ಸುತ್ತುವ ಒಂದು ಬಿಪಿ ಮೆಷಿನ್ನು ಇರಲಿ. ಎರಡು ಸಾವಿರ ರೂಪಾಯಿ ಆಸುಪಾಸಿಗೆ ಸಿಗುತ್ತೆ. ಸಂಘದ ಲಾಭದಲ್ಲಿ ಇದೊಂದು ಖರ್ಚಲ್ಲ. ತಿಂಗಳಿಗೆ ಒಂದು ಬಟವಾಡೆ ದಿನ ಬೆಳಿಗ್ಗೆ ಆಶಾ ಕಾರ್ಯಕರ್ತೆಯೋ ಆರೋಗ್ಯ ಕೇಂದ್ರದವರೋ ಬಂದು ಕೂರಲಿ. ಮೂವತ್ತು ದಾಟಿದ ಪ್ರತಿಯೊಬ್ಬರಿಗೂ ನೋಡಲಿ. ಹಾಲಿನ ಪಾಸ್‌ಬುಕ್ಕಿನಂತೆ ಅವರವರಿಗೊಂದು ಚಿಕ್ಕ ಪುಸ್ತಕ. ಹೆಚ್ಚಿದ್ದವರನ್ನು ಡಾಕ್ಟರ ಹತ್ತಿರ ಕಳಿಸಲಿ. ಮಾತ್ರೆ ಶುರುವಾದವರಿಗೆ ಒಂದು ತಿಂಗಳಿನದು ಒಟ್ಟಿಗೆ ಸಿಗುವ ಹಾಗೆ ಆಗಲಿ. ಐದು ದಿನಕ್ಕೆ ಕೊಟ್ಟು ಮತ್ತೆ ಬಾ ಅಂದರೆ ಕೂಲಿ ಬಿಟ್ಟು ಯಾರು ಬರ್ತಾರೆ?

ನಮ್ಮ ಸಂಘದ ಸಭೆಯಲ್ಲಿ ಈ ಮಾತು ಎತ್ತಿದೆ. ಮೂರು ಆಕ್ಷೇಪಣೆ ಬಂದವು.

ಒಂದು, ಮೆಷಿನ್ನು ಸುಳ್ಳು ತೋರಿಸುತ್ತೆ ಅಂತ. ಮೆಷಿನ್ನಿಗಿಂತ ನಾವು ಸುಳ್ಳು ಮಾಡ್ತೀವಿ. ಕ್ಯಾನು ಹೊತ್ತು ಬಂದ ಕೂಡಲೇ ನೋಡಿದರೆ ಜಾಸ್ತಿ ಬರುತ್ತೆ, ನನಗೆ ಬಂದ ಹಾಗೆ. ಮೊದಲು ಐದು ನಿಮಿಷ ಬೆನ್ನು ಒರಗಿಸಿ ಕೂರಬೇಕು. ಅರ್ಧ ಗಂಟೆ ಮುಂಚೆ ಬೀಡಿ, ಕಾಫಿ ಬೇಡ. ಮೂತ್ರ ಕಟ್ಟಿಕೊಂಡು ಕೂರಬಾರದು. ಪಟ್ಟಿಯನ್ನು ಬರಿ ತೋಳಿಗೆ ಸುತ್ತಬೇಕು, ಕೈ ಎದೆ ಮಟ್ಟದಲ್ಲಿ ಮೇಜಿನ ಮೇಲಿರಬೇಕು, ಮಾತಾಡಬಾರದು. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಬೇಕು. ವರ್ಷಕ್ಕೊಮ್ಮೆ ಮೆಷಿನ್ನನ್ನು ಆಸ್ಪತ್ರೆಯ ಮೆಷಿನ್ನಿನ ಜೊತೆ ತಾಳೆ ನೋಡಬೇಕು. ಹಾಲಿನ ಮೆಷಿನ್ನಿಗೆ ಮಾಡೋದಿಲ್ಲವೇ?

ಎರಡು, ಊರಿಗೆಲ್ಲ ಗೊತ್ತಾಗುತ್ತೆ ಅಂತ. ಇದು ಸರಿಯಾದ ಮಾತು. ನಂಬರನ್ನು ಕೂಗಬಾರದು, ಬೋರ್ಡಿಗೆ ಹಾಕಬಾರದು. ಅವರ ಪುಸ್ತಕದಲ್ಲಿ ಬರೆದು ಅವರ ಕೈಗೇ ಕೊಡಬೇಕು. ಡೇರಿಯ ಒಳಕೋಣೆಯಲ್ಲಿ ನೋಡಿದರಾಯಿತು. ನೋಡಿಸಿಕೊಳ್ಳಲೇಬೇಕು ಅಂತ ಒತ್ತಾಯವೂ ಬೇಡ.

ಮೂರು, ಸೆಕ್ರೆಟರಿಗೆ ಪುರುಸೊತ್ತಿಲ್ಲ ಅಂತ. ಅವರು ಮಾಡಬೇಕಾಗಿಲ್ಲ. ಪಿಯುಸಿ ಓದಿದ ಹುಡುಗ ಹುಡುಗಿಯರು ಊರಲ್ಲಿದ್ದಾರೆ. ಅಳೆಯೋದನ್ನು ನರ್ಸಮ್ಮ ಒಂದು ಬೆಳಿಗ್ಗೆಯಲ್ಲಿ ಹೇಳಿಕೊಡುತ್ತಾರೆ. ಆದರೆ ಅಳೆದವರು ಔಷಧಿ ಹೇಳಬಾರದು. ಆ ಗೆರೆ ದಾಟಬಾರದು.

ಬರೀ ಸಲಹೆ ಅಂತ ನಗಬೇಡಿ. ಕೇಂದ್ರ ಸರ್ಕಾರ ಮತ್ತು ಐಸಿಎಂಆರ್ ಸೇರಿ ಐದು ರಾಜ್ಯಗಳ 25 ಜಿಲ್ಲೆಗಳಲ್ಲಿ ಮೊದಲು ಶುರು ಮಾಡಿದ ಬಿಪಿ ಕಾರ್ಯಕ್ರಮದ ಗುಟ್ಟೂ ಇಂಥ ಸಾದಾ ಕೆಲಸವೇ. ಎಲ್ಲ ಕಡೆ ಒಂದೇ ಕ್ರಮದ ಮಾತ್ರೆ, ದಾಸ್ತಾನು ಮುಗಿಯದಂತೆ ಪೂರೈಕೆ, ಮನೆ ಹತ್ತಿರ ಅಳತೆ, ಪ್ರತಿ ರೋಗಿಯ ಲೆಕ್ಕ ಬರೆದಿಡೋದು. ನಮಗೆ ಹೊಸ ಕಟ್ಟಡ ಬೇಡ, ಡೇರಿ ಇದೆ. ಸಾಲು ನಿಲ್ಲೋದೂ ಅಭ್ಯಾಸ ಇದೆ.

ನಮ್ಮ ಸಂಘದವರು ಇನ್ನೂ ಒಪ್ಪಿಲ್ಲ. "ಮುಂದಿನ ಸಭೆಗೆ ನೋಡೋಣ" ಅಂದಿದ್ದಾರೆ. ಕಾಯೋದು ಯಾಕೆ ಅಂತ ನಾವು ಆರು ಮನೆಯವರು ಮುನ್ನೂರೈವತ್ತು ರೂಪಾಯಿ ಹಾಕಿಕೊಂಡು ಒಂದು ಮೆಷಿನ್ನು ತಂದೆವು. ಅದು ಅತ್ತಿಗೆ ಮನೆಯಲ್ಲಿದೆ. ಭಾನುವಾರ ಬೆಳಿಗ್ಗೆ ಅವರ ಜಗಲಿ ಮೇಲೆ ಕೂತು ನೋಡಿಕೊಳ್ಳುತ್ತೇವೆ. ಆರು ಮನೆಯ ಹದಿನೇಳು ಜನ ದೊಡ್ಡವರಲ್ಲಿ ಐದು ಜನಕ್ಕೆ ಹೆಚ್ಚಿತ್ತು. ಅದರಲ್ಲಿ ಮೂವರಿಗೆ ಮುಂಚೆ ಗೊತ್ತೇ ಇರಲಿಲ್ಲ. ಒಬ್ಬಳು ಐದು ತಿಂಗಳ ಬಸುರಿ. ಬಸುರಿಯಲ್ಲಿ ಬಿಪಿ ಏರಿದರೆ ತಾಯಿ ಮಗು ಇಬ್ಬರಿಗೂ ಅಪಾಯ ಅಂತ ಅವತ್ತೇ ಆಸ್ಪತ್ರೆಗೆ ಕಳಿಸಿದೆವು. ಈಗ ಮಗುವಿಗೆ ಏಳು ತಿಂಗಳು, ತಾಯಿಯೂ ಚೆನ್ನಾಗಿದ್ದಾಳೆ.

ನನ್ನ ಪುಸ್ತಕದಲ್ಲಿ ಹೋದ ಭಾನುವಾರದ ಲೆಕ್ಕ 134ಕ್ಕೆ 84. ಅದನ್ನು ಬರೆದಿದ್ದು ಅತ್ತಿಗೆ. ಅವರಿಗೆ ಅಕ್ಷರ ಬರೋದಿಲ್ಲ, ಹಾಲಿನ ಲೆಕ್ಕ ಬರೆದು ಬರೆದು ಅಂಕಿ ಚೆನ್ನಾಗಿ ಬರುತ್ತೆ.

ಓದುಗ ರೈತರಲ್ಲಿ ನನ್ನ ಕೋರಿಕೆ ಇಷ್ಟೇ. ಈ ವಾರ ಒಂದು ಸಲ ಬಿಪಿ ನೋಡಿಸಿಕೊಳ್ಳಿ, ಬರೆದಿಡಿ. ಮಾತ್ರೆ ಬಿಟ್ಟಿದ್ದರೆ ಬೇಜಾರಿಲ್ಲದೆ ಮತ್ತೆ ಡಾಕ್ಟರ ಹತ್ತಿರ ಹೋಗಿ. ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಪಾರಿವಾಳ ಹುಡುಕಬೇಡಿ, 108ಕ್ಕೆ ಫೋನು ಮಾಡಿ. ನಿಮ್ಮ ಊರಿನ ಡೇರಿಯಲ್ಲಿ ಯಾರಾದರೂ ಇಂಥ ಕೆಲಸ ಮಾಡಿದ್ದರೆ ಹೇಗೆ ಮಾಡಿದಿರಿ, ಸೆಕ್ರೆಟರಿಯನ್ನು ಹೇಗೆ ಒಪ್ಪಿಸಿದಿರಿ ಅಂತ ಪತ್ರಿಕೆಗೆ ಬರೆಯಿರಿ. ಮುಂದಿನ ಸಭೆಗೆ ಅದನ್ನು ತಗೊಂಡು ಹೋಗ್ತೀನಿ.